ಮುರಿದ ಹಲ್ಲಿನ ಸಾಕ್ಷಿ

ಮನೆಯಲ್ಲಿ ಒಂದು ವಸ್ತು ಮುರಿದೊಡನೆ, ಮುರಿದವರಾರೆಂಬ ವಿಚಾರಣೆ ಮೊದಲಾಗುವದು ಗೃಹಸ್ಥರ ಲಕ್ಷಣ. ಹಂಡೆ ಸೋರಿದರೆ ಸೊಸೆಯ ಮೇಲೆ, ಗಡಿಯಾರ ನಿಂತರೆ ಹುಡುಗರ ಮೇಲೆ, ಬಂಡಿ ಕೆಟ್ಟರೆ ಆಳಿನ ಮೇಲೆ ತಪ್ಪು ಹೊರಿಸುವದು ರೂಢಿಯಾಗಿ ಬಂದಿದೆ. ಕಳೆದ ಶ್ರಾವಣದಲ್ಲಿ ನಮ್ಮ ಮನೆತನದಲ್ಲಿಯೂ ಇಂಥದೊಂದು ವಿಚಾರಣೆ ನಡೆಯಿತು. ಅದರ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುವೆವು. ಅದರಲ್ಲಿ ನಮ್ಮ ತಪ್ಪೂ ಒಂದು ಪಾಲು ಇರುವದರಿಂದ, ಮುಚ್ಚಿಡುವದಕ್ಕಿಂತ ಹೇಳಿಬಿಡುವದೇ ಲೇಸೆಂದು ತೋರಿತು.

ನಮ್ಮ ತಮ್ಮನ ಮಗನಿಗೆ ಶರಣಸಿರಸಗಿಯಲ್ಲಿ ಸ್ವಲ್ಪ ಹೊಲವಿದೆ. ಕಲಬುರ್ಗಿ ಸೀಮೆಯ ಎರೆಭೂಮಿಯ ಗುಣವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ನಮ್ಮ ತೊಗರಿಬೇಳೆಗೆ ರುಚಿ ಕೊಡುವದು ಈ ಮಣ್ಣೇ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವದೂ, ಮಳೆ ಹಿಡಿದ ಮೇಲೆ ಕಾಲು ಕೀಳಗೊಡದೆ ಅಂಟುವದೂ ಈ ಮಣ್ಣೇ. ಆದಕಾರಣ ಅವನು ನಾಲ್ಕೂ ಗಾಲಿಗಳಿಗೆ ಯಂತ್ರದ ಬಲ ಹೋಗುವ ಹಳೆಯ ಜೀಪೊಂದನ್ನು ಇಟ್ಟುಕೊಂಡಿರುವನು. ಅದನ್ನು ನಡೆಸಲು ಒಬ್ಬ ಡ್ರೈವರನೂ ಇರುವನು; ಮಿತಭಾಷಿ, ಐದಾರು ವರ್ಷಗಳಿಂದ ಅದೇ ಕೆಲಸದಲ್ಲಿರುವವನು.

ಅಂದು ಗೊಬ್ಬರದ ಚೀಲಗಳೊಡನೆ ನಾವೂ ಹೊಲಕ್ಕೆ ಹೋಗಿದ್ದೆವು. ಮರಳುವಾಗ ಹಳ್ಳದ ದಂಡೆಯಲ್ಲಿ ಹಿಂದಿನ ಗಾಲಿಗಳೆರಡೂ ಹೂತವು. ಡ್ರೈವರನು ಮುಂದಿನ ಗಾಲಿಗಳಿಗೂ ಬಲ ಕೊಡುವ ಲಿವರನ್ನು ಹಾಕಿದನು. ಮುಂದಿನ ಎಡಗಾಲಿ ಕೆಸರಿನಲ್ಲಿ ಗಿರಗಿರನೆ ತಿರುಗಿತು. ಗಟ್ಟಿ ನೆಲದ ಮೇಲಿದ್ದ ಬಲಗಾಲಿ ಅಲುಗಲೇ ಇಲ್ಲ. ಅವನು ಯಂತ್ರವನ್ನು ನಿಲ್ಲಿಸಿ, "ಟ್ರ್ಯಾಕ್ಟರ್ ಕರಸೋಣ್ರಿ ಮಾಸ್ತರ್ರೆ, ಒಂದು ತಾಸು ತಡಾ ಆಗ್ತದ ಅಷ್ಟೇ" ಎಂದನು. ನಮಗೆ ಸಂಜೆಯ ಪುರಾಣಕ್ಕೆ ಊರು ಸೇರುವ ಆತುರ. ಬದುವಿನ ಮೇಲೆ ಬಿದ್ದಿದ್ದ ಶಹಾಬಾದದ ಫರಸಿಯ ತುಂಡೊಂದನ್ನು ತೋರಿಸಿ, "ಇದನ್ನು ತಿರುಗುವ ಗಾಲಿಯ ಕೆಳಗೆ ತುರುಕಿ ಜೋರು ಕೊಡು" ಎಂದು ಅಪ್ಪಣೆ ಮಾಡಿದೆವು. "ಕಲ್ಲು ಬ್ಯಾಡ್ರಿ" ಎಂದು ಅವನು ಒಮ್ಮೆ ಹೇಳಿದನು. ಹಿರಿಯರ ಮಾತನ್ನು ಎರಡನೆಯ ಸಲ ಮೀರಲಿಲ್ಲ. ವೇಗವಾಗಿ ತಿರುಗುತ್ತಿದ್ದ ಗಾಲಿ ಕಲ್ಲನ್ನು ಕಚ್ಚಿದ ಕ್ಷಣದಲ್ಲಿ ಒಳಗೆಲ್ಲಿಯೋ ಸುತ್ತಿಗೆಯ ಪೆಟ್ಟಿನಂತಹ ಸದ್ದಾಯಿತು. ಮೇಲೆ ಬರಿಯ ಕಟಕಟ ಶಬ್ದ. ಪುರಾಣವೂ ತಪ್ಪಿತು, ಜೀಪೂ ನಿಂತಿತು.

ಮರುದಿನ ಟ್ರ್ಯಾಕ್ಟರು ಜೀಪನ್ನು ಕೆಸರಿನಿಂದೆಳೆಯಿತು. ಕಲಬುರ್ಗಿಯಿಂದ ಬಂದ ಮಿಸ್ತ್ರಿ ಕೆಳಗೆ ತೂರಿ ನೋಡಿ, ಮುಂದಿನ ಡಿಫರೆನ್ಶಿಯಲ್ ಮುರಿದಿದೆಯೆಂದು ನಿರ್ಣಯಿಸಿದನು. ಅವನು ಮುಂದಿನ ಅಚ್ಚಿಗೆ ಬಲ ಒಯ್ಯುವ ದಂಡವನ್ನು ಬಿಚ್ಚಿದನು. ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಇರುವ, ಒಳಗಿನ ದಂಡಕ್ಕೂ ಗಾಲಿಗೂ ಗಂಟು ಹಾಕುವ ಬಿಲ್ಲೆಗಳನ್ನೂ ತೆಗೆದನು. ಆಗ ಮುಂದಿನ ಗಾಲಿಗಳು ಬಂಡಿಯ ಗಾಲಿಗಳಂತೆ ಬರಿದೆ ಉರುಳಿದವು. ಒಳಗೆ ಮುರಿದ ಹಲ್ಲುಗಳು ತಿರುಗಿ ಮತ್ತಷ್ಟು ಕೆಡುವದು ತಪ್ಪಿತು. ಜೀಪು ಹಿಂದಿನ ಗಾಲಿಗಳ ಬಲದಿಂದಲೇ ಗ್ಯಾರೇಜು ಸೇರಿತು. ಅಷ್ಟರಲ್ಲಿ ನಮ್ಮ ಹುಡುಗನು ತೀರ್ಪನ್ನೂ ಕೊಟ್ಟುಬಿಟ್ಟಿದ್ದನು: ರಿಪೇರಿಯ ಖರ್ಚನ್ನು ಡ್ರೈವರನ ಪಗಾರದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುವದು. ಡ್ರೈವರನು ಏನೂ ಅನ್ನದೆ ಕೀಲಿಯನ್ನು ಕಟ್ಟೆಯ ಮೇಲಿಟ್ಟು ಹೋದನು. ನಾವು ಆಗ ಸುಮ್ಮನಿದ್ದೆವು. ಕಲ್ಲಿನ ಮಾತು ನಮ್ಮ ಬಾಯಿಂದ ಹೊರಡಲಿಲ್ಲ.

ಇಲ್ಲಿ ಈ ಯಂತ್ರಭಾಗದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಅಚ್ಚಿಗೆ ಸಂಸ್ಕೃತದಲ್ಲಿ ಅಕ್ಷವೆಂದು ಹೆಸರು. ಇಂಗ್ಲಿಷಿನ ಆಕ್ಸಲ್ ಶಬ್ದವೂ ಅದರ ಜ್ಞಾತಿಯೇ. ಕಠೋಪನಿಷತ್ತು ಶರೀರವನ್ನು ರಥಕ್ಕೆ ಹೋಲಿಸುವಾಗ ರಥಿಕ, ಸಾರಥಿ, ಲಗಾಮು, ಕುದುರೆಗಳನ್ನೆಲ್ಲ ಎಣಿಸಿದೆ, ಅಕ್ಷದ ಮಾತೆತ್ತಿಲ್ಲ. ಎತ್ತಬೇಕಾದ ಕಾರಣವೂ ಇರಲಿಲ್ಲವೆಂದು ನಮ್ಮ ಊಹೆ. ಎತ್ತಾಗಲಿ ಕುದುರೆಯಾಗಲಿ ಎಳೆಯುವ ಬಂಡಿಯಲ್ಲಿ ಗಾಲಿಗಳು ಅಚ್ಚಿನ ತುದಿಯಲ್ಲಿ ತಮ್ಮಷ್ಟಕ್ಕೆ ತಿರುಗಿಕೊಳ್ಳುತ್ತವೆ. ಬಂಡಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರ ನಡೆಯಬೇಕು, ಒಳಗಿನದು ಕಡಿಮೆ. ಗಾಲಿಗಳ ನಡುವೆ ನಾಲ್ಕು ಅಡಿ ಅಂತರವಿದ್ದರೆ, ಬಂಡಿ ಸುತ್ತಿ ಹಿಂದಿರುಗುವಷ್ಟರಲ್ಲಿ ಹೊರಗಾಲಿಯು ಒಳಗಾಲಿಗಿಂತ ಸುಮಾರು ಹನ್ನೆರಡೂವರೆ ಅಡಿ ಹೆಚ್ಚು ಉರುಳಿರುತ್ತದೆ. ತಿರುವು ಹಿರಿದಾದರೂ ಕಿರಿದಾದರೂ ಈ ಲೆಕ್ಕ ಬದಲಾಗದು. ಮನೆಯ ಮಕ್ಕಳಿಗೆ ಇದನ್ನು ಲೆಕ್ಕವಾಗಿ ಕೊಡಬಹುದು.

ಯಂತ್ರವು ಅಚ್ಚನ್ನೇ ತಿರುಗಿಸಿ ಗಾಡಿಯನ್ನು ನಡೆಸತೊಡಗಿದಾಗ ತೊಡಕು ಬಂತು. ಎರಡೂ ಗಾಲಿಗಳು ಒಂದೇ ದಂಡಕ್ಕೆ ಬಿಗಿದಿದ್ದರೆ ತಿರುವಿನಲ್ಲಿ ಒಂದು ಗಾಲಿ ತಿಕ್ಕಿಕೊಂಡು ಹೋಗಲೇಬೇಕು. ಫ್ರಾನ್ಸ್ ದೇಶದ ಗಡಿಯಾರಗಾರ ಒನೆಸಿಫೋರ್ ಪೆಕ್ಯೂರನು 1827ರಲ್ಲಿ ಉಗಿಬಂಡಿಗಾಗಿ ಇದಕ್ಕೊಂದು ಪರಿಹಾರವನ್ನು ಮಾಡಿದನು. ಅಚ್ಚನ್ನು ನಡುವೆ ಎರಡಾಗಿ ತುಂಡರಿಸಿ, ತುಂಡುಗಳ ಮಧ್ಯದಲ್ಲಿ ಸಣ್ಣ ಹಲ್ಲುಚಕ್ರಗಳನ್ನು ಕೂಡಿಸಿದರೆ, ಎರಡೂ ಗಾಲಿಗಳಿಗೆ ಬಲ ಸಮನಾಗಿ ಹೋಗುವದು. ವೇಗ ಮಾತ್ರ ಅವವುಗಳ ದಾರಿಗೆ ತಕ್ಕಂತೆ ಬೇರೆಯಾಗುವದು. ನಾವು ಇದನ್ನು ಭೇದಚಕ್ರವೆನ್ನುವೆವು. ಮಿಸ್ತ್ರಿಗಳ ಬಾಯಲ್ಲಿ ಇದು ಡಿಫ್ರೆನ್ಸ್.

ಈ ಉಪಾಯಕ್ಕೆ ಒಂದು ಕೊರತೆಯಿದೆ. ಬಲವನ್ನು ಸಮನಾಗಿ ಹಂಚುವದೇ ಅದರ ಧರ್ಮವಾದ್ದರಿಂದ, ಒಂದು ಗಾಲಿ ಕೆಸರಿನಲ್ಲಿ ಜಾರಿ ಬಲವನ್ನೇ ಹಿಡಿಯದೆ ಹೋದರೆ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ಸಿಕ್ಕುವದು. ಗಟ್ಟಿ ನೆಲದ ಮೇಲಿದ್ದ ನಮ್ಮ ಬಲಗಾಲಿ ಸುಮ್ಮನೆ ನಿಂತದ್ದು ಇದರಿಂದಲೇ. ಜಾರುವ ಗಾಲಿ ವೇಗದಲ್ಲಿರುವಾಗ ಫಕ್ಕನೆ ಕಲ್ಲನ್ನು ಹಿಡಿದರೆ, ತಿರುಗುವ ಭಾಗಗಳ ವೇಗವೆಲ್ಲ ಒಂದೇ ಪೆಟ್ಟಾಗಿ ಹಲ್ಲುಗಳ ಮೇಲೆ ಬೀಳುವದು.

ಇನ್ನೊಂದು ಮಾತು. ಜೀಪು 1941ರ ಸುಮಾರಿಗೆ ಅಮೇರಿಕೆಯ ಸೈನ್ಯಕ್ಕಾಗಿ ಹುಟ್ಟಿದ ಗಾಡಿ; ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದ ಕಾಲದಲ್ಲಿ ಮಹೀಂದ್ರ ಕಂಪನಿಯವರು ಅದನ್ನು ಜೋಡಿಸತೊಡಗಿದರು. ಆ ಹಳೆಯ ಮಾದರಿಗಳಲ್ಲಿ ಮುಂದಿನ ಅಚ್ಚಿಗೊಂದು, ಹಿಂದಿನದಕ್ಕೊಂದು ಭೇದಚಕ್ರವಿರುವದು. ಆದರೆ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹಿರಿದಾದ ಸುತ್ತು ಬಳಸುವವು. ಮುಂದಿನ ಲಿವರು ಹಾಕಿದ್ದಾಗ ನೆಲ ಕೆಸರಾಗಿದ್ದರೆ ಗಾಲಿಗಳು ಅಷ್ಟಿಷ್ಟು ಜಾರಿ ಆ ವ್ಯತ್ಯಾಸವನ್ನು ತೀರಿಸಿಕೊಳ್ಳುವವು. ಒಣಗಿದ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ. ಆ ಹಟವೆಲ್ಲ ದಂಡಗಳಲ್ಲಿಯೂ ಹಲ್ಲುಗಳಲ್ಲಿಯೂ ಬಿಗುವಾಗಿ ಕೂಡಿಬೀಳುವದು.

ಈಗ ಗ್ಯಾರೇಜಿಗೆ ಬರುವೆವು. ಮಿಸ್ತ್ರಿಯು ಮುಂಭಾಗವನ್ನು ಜಾಕಿಯ ಮೇಲೆತ್ತಿ, ಅಚ್ಚಿನ ಗುಂಡಿನಿಂದ ಎಣ್ಣೆಯನ್ನು ಇಳಿಸಿದನು. ಕಪ್ಪಗಿರಬೇಕಾದ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಬಂತು; ಅದರಲ್ಲಿ ಉಕ್ಕಿನ ಚೂರುಗಳು. ಓಡಿ ಕಾದ ಗುಂಡು ಹಳ್ಳದ ನೀರಿನಲ್ಲಿಳಿದು ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗುವದು. ಅದರ ಉಸಿರುರಂಧ್ರ ಕೆಸರಿನಿಂದ ಮುಚ್ಚಿದ್ದರೆ, ಸೀಲುಗಳ ಸಂದಿನಿಂದ ನೀರನ್ನೇ ಹೀರಿಕೊಳ್ಳುವದು. ನಮ್ಮ ಜೀಪಿನ ರಂಧ್ರ ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿತ್ತು. ಗಾಲಿಗಳನ್ನು ತೆಗೆದು, ಎರಡೂ ಕಡೆಯ ದಂಡಗಳನ್ನು ಹೊರಗೆಳೆದು, ಮುಚ್ಚಳವನ್ನು ಬಿಚ್ಚಿದಾಗ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ ಕಾಣಿಸಿತು. ಅದರಲ್ಲಿ ಒತ್ತಿನ ಮೂರು ಹಲ್ಲುಗಳಿರಲಿಲ್ಲ.

ಮಿಸ್ತ್ರಿಯು ಚೂರೊಂದನ್ನು ಡೀಸೆಲಿನಲ್ಲಿ ತೊಳೆದು ನಮ್ಮ ಅಂಗೈಯಲ್ಲಿಟ್ಟನು. "ನೋಡ್ರಿ ಮಾಸ್ತರ್ರೆ, ಅರ್ಧಾ ಬೆಳ್ಳಗದ, ಅರ್ಧಾ ಕಪ್ಪಾಗ್ಯದ. ಬೆಳ್ಳಗಿದ್ದದ್ದು ಮೊನ್ನೆ ಮುರದದ್ದು. ಕಪ್ಪಿದ್ದದ್ದು ಹಳೇ ಸೀಳು. ಅದರಾಗ ಎಣ್ಣಿ ಇಳದದ." ಆಮೇಲೆ ನಮ್ಮ ಹುಡುಗನ ಕಡೆಗೆ ತಿರುಗಿ, "ಎಂದರೆ ಮುಂದಿನ ಲಿವರ ಬಿಡಸಲಾರದಷ್ಟು ಬಿಗಿ ಆಗಿತ್ತೇನ್ರಿ?" ಎಂದು ಕೇಳಿದನು.

ಹುಡುಗನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೇಸಿಗೆಯಲ್ಲಿ ಅವನು ತಾನೇ ಜೀಪನ್ನು ನಡೆಸಿಕೊಂಡು, ಹುಮನಾಬಾದದ ಹಾದಿಯಲ್ಲಿರುವ ಕಮಲಾಪುರಕ್ಕೆ ಕೆಂಪುಬಾಳೆಯ ಕಂದುಗಳನ್ನು ತರಲು ಹೋಗಿದ್ದನು. ತೋಟದ ಇಳಿಜಾರಿನಲ್ಲಿ ಲಿವರು ಹಾಕಿದವನು ಡಾಂಬರು ಹಾದಿಗೆ ಬಂದ ಮೇಲೆ ತೆಗೆಯಲು ಮರೆತು, ಹಾಗೆಯೇ ಕಲಬುರ್ಗಿಯವರೆಗೆ ಬಂದಿದ್ದನು. ಸ್ಟೀರಿಂಗು ಭಾರವಾಗಿತ್ತು, ತಿರುವಿನಲ್ಲಿ ಗಾಡಿ ಕುಪ್ಪಳಿಸುತ್ತಿತ್ತು, ಮನೆಯ ಮುಂದೆ ಗಾಡಿಯನ್ನು ಹಿಂದಕ್ಕೆ ಸರಿಸಿದ ಮೇಲೆಯೇ ಲಿವರು ಬಿಟ್ಟಿತ್ತು. "ಆವತ್ತು ಹಂಗ ಆಗಿತ್ತು, ದೊಡ್ಡಪ್ಪಾ" ಎಂದು ಅವನು ನಮಗೆ ಹೇಳಿದನು. ಆಗ ನಾವೂ ಕಲ್ಲಿನ ಸಂಗತಿಯನ್ನು ಹೇಳಿದೆವು. ಮುಚ್ಚಿದ ರಂಧ್ರವನ್ನು ನೋಡಿಕೊಳ್ಳದ ಹೊಣೆ ಡ್ರೈವರನದೂ ಅಹುದು. ಆದರೆ ಮಳೆಗಾಲಕ್ಕೆ ಮೊದಲು ಗಾಡಿಯನ್ನು ಮಿಸ್ತ್ರಿಗೆ ತೋರಿಸಬೇಕೆಂದು ಅವನು ಎರಡು ಸಲ ಕೇಳಿದ್ದನೆಂಬುದೂ ಆ ಹೊತ್ತಿಗೆ ಹೊರಬಿತ್ತು.

ರಿಪೇರಿಯು ಎಂಟು ದಿನ ಹಿಡಿಯಿತು. ಕ್ರೌನ್ ಚಕ್ರವನ್ನು ತಿರುಗಿಸುವ ಸಣ್ಣ ಚಕ್ರಕ್ಕೆ ಪಿನಿಯನ್ ಎಂದು ಹೆಸರು. ಪಿನಿಯನ್ ಮುರಿದಿರಲಿಲ್ಲ, ಅದನ್ನೇ ಉಳಿಸಿಕೊಂಡರೆ ಖರ್ಚು ಉಳಿಯುವದೆಂದು ನಾವು ಸೂಚಿಸಿದೆವು. ಮಿಸ್ತ್ರಿ ಒಪ್ಪಲಿಲ್ಲ. ಇವೆರಡನ್ನೂ ತಯಾರಿಸುವಾಗಲೇ ಒಂದರೊಡನೊಂದು ಮಸೆದು ಜೋಡಿ ಮಾಡಿ, ಎರಡಕ್ಕೂ ಒಂದೇ ಅಂಕಿಯನ್ನು ಕೆತ್ತಿರುತ್ತಾರೆ; ಹಳೆಯದಕ್ಕೆ ಹೊಸದನ್ನು ಕೂಡಿಸಿದರೆ ಊಳಿಡುವದು, ಬೇಗ ಸವೆಯುವದು. ಹೈದರಾಬಾದಿನ ಗುಜರಿಯಿಂದ ಒಂದು ಜೋಡಿ ಬಂತು. ನೋಡಲು ತದ್ರೂಪ. ಮಿಸ್ತ್ರಿಯು ಹಲ್ಲುಗಳನ್ನು ಎಣಿಸಿದನು: ಕ್ರೌನಿಗೆ 39, ಪಿನಿಯನ್ನಿಗೆ 8. ನಮ್ಮದಕ್ಕೆ 43 ಮತ್ತು 8. ಹಿಂದಿನ ಅಚ್ಚಿನಲ್ಲಿಯೂ 43 ಇರುವಾಗ ಮುಂದೆ 39 ಹಾಕಿದರೆ, ನೇರ ಹಾದಿಯಲ್ಲಿಯೂ ಮುಂದಿನ ಗಾಲಿ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಬೇಡುವವು. ಮತ್ತೆ ಅದೇ ಮುರಿತ. ಆ ಜೋಡಿ ಹಿಂದಿರುಗಿತು. ನಾಲ್ಕು ದಿನಗಳ ಮೇಲೆ ಸರಿಯಾದದ್ದು ಬಂತು.

ಕೂಡಿಸುವ ಕೆಲಸ ಬಿಚ್ಚುವದಕ್ಕಿಂತ ಕಠಿಣ. ಬೇರಿಂಗುಗಳನ್ನು ಒತ್ತಿಹಿಡಿಯುವ ಎರಡು ಕಮಾನುಗಳನ್ನು ಎಡಬಲ ಅದಲುಬದಲಾಗದಂತೆ ಗುರುತು ನೋಡಿಯೇ ಕೂಡಿಸಬೇಕು. ಶಿಮ್ ಎಂಬ ತೆಳುವಾದ ಉಕ್ಕಿನ ಬಳೆಗಳನ್ನು ಒಂದೊಂದಾಗಿ ಹಾಕುತ್ತ ತೆಗೆಯುತ್ತ ಚಕ್ರಗಳ ಸ್ಥಾನವನ್ನು ಗೊತ್ತುಮಾಡಬೇಕು. ಹಲ್ಲುಗಳಿಗೆ ನೀಲಿ ಬಣ್ಣ ಸವರಿ ತಿರುಗಿಸಿದರೆ ಎಲ್ಲಿ ತಾಗುವವೆಂಬುದು ತಿಳಿಯುತ್ತದೆ. ಗುರುತು ಹಲ್ಲಿನ ನಡುವೆ ಬೀಳಬೇಕು. ಒಂದು ಹಲ್ಲಿಗೂ ಮತ್ತೊಂದಕ್ಕೂ ನಡುವೆ ಇಂಚಿನ ಸಾವಿರದಲ್ಲಿ ಐದಾರು ಪಾಲಿನಷ್ಟು ಸಡಿಲ ಉಳಿಯಬೇಕು. ತೀರ ಬಿಗಿದರೆ ಕಾದು ಕೆಡುವವು, ತೀರ ಸಡಿಲಾದರೆ ಬಡಿದುಕೊಂಡು ಕೆಡುವವು. ಮಿಸ್ತ್ರಿ ನಾಲ್ಕು ಸಲ ಕೂಡಿಸಿ ನಾಲ್ಕು ಸಲ ಬಿಚ್ಚಿದನು. ಐದನೆಯ ಸಲ ನೀಲಿಯ ಗುರುತನ್ನು ನಮಗೂ ತೋರಿಸಿದನು. ಶಾಲೆಯಲ್ಲಿ ಹುಡುಗರ ಲೆಕ್ಕವನ್ನು ಇಷ್ಟು ತಾಳ್ಮೆಯಿಂದ ನಾವು ತಿದ್ದಿದ್ದೆವೇ ಎಂದು ಆ ಗಳಿಗೆಯಲ್ಲಿ ನಮಗೆ ಸಂದೇಹ ಬಂತು.

ಖರ್ಚನ್ನು ನಾವೂ ಹುಡುಗನೂ ಅರ್ಧರ್ಧ ಕೊಟ್ಟೆವು. ಇನ್ನೊಂದು ಸಾಲ ಉಳಿದಿತ್ತು. ಇಬ್ಬರೂ ಕೂಡಿ ಡ್ರೈವರನ ಮನೆಗೆ ಹೋದೆವು. ಅವನು ಬೇರೆಯವರ ಟ್ರ್ಯಾಕ್ಟರಿಗೆ ದಿನಗೂಲಿಯಿಂದ ಹೋಗುತ್ತಿದ್ದನು. ಅವನ ಹೆಂಡತಿ ಕೂಡ್ರಲು ಜಮಖಾನೆ ಹಾಸಿದಳು, ಚಹಾ ತಂದಳು, ಆದರೆ ಮಾತಾಡಲಿಲ್ಲ. ಹಲ್ಲಿನ ಚೂರನ್ನು ಅವನ ಮುಂದಿಟ್ಟು, ಕಪ್ಪು ಯಾರದು ಬಿಳುಪು ಯಾರದು ಎಂಬುದನ್ನು ನಾವೇ ಹೇಳಿದೆವು. ಅವನು ಅದನ್ನು ಬಹಳ ಹೊತ್ತು ತಿರುವಿ ನೋಡಿ, "ಟ್ರ್ಯಾಕ್ಟರ್ ಕೆಲಸ ಹುಣ್ಣಿವಿ ತನಕ ಒಪ್ಪೀನ್ರಿ. ಆಮ್ಯಾಲ ಬರ್ತೀನಿ" ಎಂದನು. ಕೊಟ್ಟ ಮಾತನ್ನು ಮುರಿದು ಒಡನೆಯೇ ಬಾ ಎಂದು ಕೇಳುವ ಅಧಿಕಾರ ನಮಗಿರಲಿಲ್ಲ. ಹುಣ್ಣಿಮೆಯ ಮರುದಿನ ಅವನು ಬಂದು ಕೀಲಿ ತೆಗೆದುಕೊಂಡನು.

ಇಂಥ ಗಾಡಿಯುಳ್ಳ ಗೃಹಸ್ಥರಿಗೆ ನಾವು ಹೇಳುವದಿಷ್ಟು. ಮುಂದಿನ ಲಿವರನ್ನು ಕೆಸರಿನಲ್ಲಿ ಹಾಕಿರಿ, ಗಟ್ಟಿ ಹಾದಿಗೆ ಬಂದೊಡನೆ ತೆಗೆಯಿರಿ. ಗಾಲಿ ಜಾರುವಾಗ ಯಂತ್ರವನ್ನು ನಿಲ್ಲಿಸಿ, ಮಣ್ಣು ತೋಡಿ, ಕಟ್ಟಿಗೆ ಹಾಸಿ, ನಿಧಾನವಾಗಿ ಹೊರಡಿಸಿರಿ. ತಿರುಗುವ ಗಾಲಿಗೆ ಕಲ್ಲು ಕೊಡಬೇಡಿರಿ. ನೀರು ದಾಟಿ ಬಂದ ಮೇಲೆ ಅಚ್ಚಿನ ಎಣ್ಣೆಯ ಬಣ್ಣವನ್ನು ನೋಡಿಸಿರಿ, ಉಸಿರುರಂಧ್ರವನ್ನು ಬಿಡಿಸಿರಿ. ಇಷ್ಟರ ಮೇಲೆಯೂ ಮುರಿದರೆ, ಪಗಾರ ಮುರಿಯುವ ಮೊದಲು ಮುರಿದ ಚೂರನ್ನು ತೊಳೆದು ನೋಡಿರಿ. ನಮ್ಮದು ಈಗಲೂ ನಮ್ಮ ಬರೆಯುವ ಮೇಜಿನ ಮೇಲಿದೆ.