ಒಂದೇ ಪೆನ್‌ಡ್ರೈವ್, ಎರಡು ಹೆಸರು

ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿಗೆ ಒಂದು ಕೆಟ್ಟ ಬುದ್ಧಿ. ತುರ್ತು ಕೆಲಸ ಇದ್ದ ದಿನವೇ ಮುಷ್ಕರ ಹೂಡುತ್ತದೆ. 2020ರ ಆಗಸ್ಟ್‌ನಲ್ಲೂ ಹಾಗೇ ಆಯಿತು. ಶಾಲೆ ಬಾಗಿಲು ಹಾಕಿ ತಿಂಗಳುಗಳಾಗಿದ್ದವು. ಎಂಟನೇ ತರಗತಿಯ ಪುಟ್ಟಿಗೆ ಸೋಮವಾರದಿಂದ ಆನ್‌ಲೈನ್ ಪಾಠ. ಶನಿವಾರ ಸಂಜೆ ಲ್ಯಾಪ್‌ಟಾಪ್ ತೆರೆದರೆ ವಿಂಡೋಸ್ 7 ಅರ್ಧ ದಾರಿಗೆ ಬಂದು ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದಕ್ಕೆ ಕಂಪನಿಯ ಬೆಂಬಲವೂ ಆ ವರ್ಷದ ಜನವರಿ 14ಕ್ಕೇ ಮುಗಿದಿತ್ತು. “ಹೇಗೂ ಹಳತಾಯಿತು, ವಿಂಡೋಸ್ 10 ಹಾಕಿಬಿಡೋಣ” ಎಂದೆ, ಎಲ್ಲ ಬಲ್ಲವಳ ಹಾಗೆ.

ಎದುರುಮನೆಯವರ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ 10 ತುಂಬಿಸಿಕೊಂಡು ಬಂದೆವು. ಚುಚ್ಚಿದೆವು. ನೀಲಿ ಪರದೆ ಬಂತು, ಭಾಷೆ ಕೇಳಿತು, ಎಲ್ಲಿ ಹಾಕಲಿ ಎಂದು ಕೇಳಿತು. ಪಟ್ಟಿಯಲ್ಲಿ ಸಿ ಡ್ರೈವ್ ಆರಿಸಿದೆ. ಕೆಳಗೆ ಒಂದು ಸಾಲು ಮೂಡಿತು: ಇಲ್ಲಿ ವಿಂಡೋಸ್ ಹಾಕಲು ಆಗುವುದಿಲ್ಲ.

ಡಿ ಡ್ರೈವ್ ಆರಿಸಿದೆ. ಅದೇ ಸಾಲು. ಪೆನ್‌ಡ್ರೈವ್ ಕಿತ್ತು ಮತ್ತೆ ಚುಚ್ಚಿದೆ. ಅದೇ ಸಾಲು.

ಕಂಪ್ಯೂಟರ್ ಬಲ್ಲ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. “ಅಲ್ಲಿರುವ ಭಾಗಗಳನ್ನೆಲ್ಲ ಡಿಲೀಟ್ ಮಾಡಿ, ಖಾಲಿ ಜಾಗದಲ್ಲಿ ಹಾಕಿ. ಆಗೇ ಆಗುತ್ತದೆ” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಹಾಗೆ ಮಾಡಿದ್ದರೆ ವಿಂಡೋಸ್ ಖಂಡಿತ ಕೂರುತ್ತಿತ್ತು. ಡಿ ಡ್ರೈವ್‌ನಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ಗಡಿಬಿಡಿಯಲ್ಲಿ ನಾನೂ ಹೇಳಲಿಲ್ಲ.

ಡಿ ಡ್ರೈವ್‌ನಲ್ಲಿ ನನ್ನ ಅಪ್ಪ ಇದ್ದರು. ಪುಟ್ಟಿಗೆ ನಾಲ್ಕು ವರ್ಷವಿದ್ದಾಗ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಅವರು ಹೇಳುತ್ತಿದ್ದ ರೈಲಿನ ಕಥೆಗಳನ್ನು ಫೋನಿನಲ್ಲಿ ಹಿಡಿದು ಅಲ್ಲಿಟ್ಟಿದ್ದೆ. ಅಪ್ಪ ರೈಲ್ವೆಯಲ್ಲಿದ್ದವರು. ಅವರು ಹೋಗಿ ಎರಡು ವರ್ಷವಾಗಿತ್ತು. ಆ ಕಥೆಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ‘ಮುಂದಿನ ವಾರ ಮಾಡೋಣ’ ಎನ್ನುತ್ತ ನಾಲ್ಕೈದು ವರ್ಷ ಕಳೆದಿದ್ದೆ.

ಬಾಣದ ಗುರುತು ಡಿಲೀಟ್ ಗುಂಡಿಯ ಮೇಲಿತ್ತು. ಪುಟ್ಟಿ ನನ್ನ ಕೈ ಹಿಡಿದಳು. “ಅಮ್ಮ, ಆ ಸಾಲಿನ ಕೊನೆಯಲ್ಲಿ ‘ವಿವರ ತೋರಿಸು’ ಅಂತ ಇದೆ. ಓದಿದೆಯಾ?”

ಓದಿರಲಿಲ್ಲ. ಅವಳೇ ಒತ್ತಿ, ಇಂಗ್ಲಿಷಿನಲ್ಲಿದ್ದುದನ್ನು ನಿಧಾನವಾಗಿ ಓದಿದಳು. ಸಾರಾಂಶ ಇಷ್ಟು: ಈ ಡಿಸ್ಕ್‌ನಲ್ಲಿರುವುದು ಎಂಬಿಆರ್ ಪಟ್ಟಿ. ಇಎಫ್‌ಐ ವ್ಯವಸ್ಥೆಯಲ್ಲಿ ಜಿಪಿಟಿ ಡಿಸ್ಕ್‌ಗೆ ಮಾತ್ರ ವಿಂಡೋಸ್ ಹಾಕಬಹುದು.

“ಅಂದರೆ ಡಿಸ್ಕ್ ಕೆಟ್ಟಿಲ್ಲ ಅಲ್ವಾ?” ಎಂದಳು. ಕೆಟ್ಟಿದೆ ಎಂದು ಅದು ಎಲ್ಲೂ ಹೇಳಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು, ಫೋನಿನಲ್ಲಿ ಆ ಮೂರಕ್ಷರಗಳ ಅರ್ಥ ಹುಡುಕುತ್ತ ಕೂತೆವು. ರಾತ್ರಿ ಹನ್ನೊಂದರ ಹೊತ್ತಿಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರಿಗೆ ವಿಂಡೋಸ್ ಎಂದರೇನು, ಅದು ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಒಳಗಿನ ಹಲಗೆಯ ಮೇಲೆ ಒಂದು ಚಿಪ್ ಇದೆ. ಅದರಲ್ಲಿರುವ ಪುಟ್ಟ ತಂತ್ರಾಂಶವೇ ಫರ್ಮ್‌ವೇರ್. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವ ಅಜ್ಜಿಯ ಹಾಗೆ ಅದು ಮೊದಲು ಎದ್ದು, ಮೆಮೊರಿ ಇದೆಯೇ, ಕೀಬೋರ್ಡ್ ಇದೆಯೇ ಎಂದು ನೋಡಿ, ಆಮೇಲೆ ಡಿಸ್ಕ್‌ನಲ್ಲಿ ಮಲಗಿರುವ ವಿಂಡೋಸನ್ನು ಎಬ್ಬಿಸುತ್ತದೆ.

ಎಬ್ಬಿಸುವುದಕ್ಕೆ ಎರಡು ಪದ್ಧತಿಗಳಿವೆ. ಹಳೆಯದು ಬಯಾಸ್. 1981ರ ಐಬಿಎಂ ಪಿಸಿಯ ಕಾಲದಿಂದ ಬಂದದ್ದು. ಅದು ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳನ್ನು ಮಾತ್ರ ಓದುತ್ತದೆ. 512 ಬೈಟ್ ಎಂದರೆ ಎಷ್ಟು? ಯುಟಿಎಫ್-8 ಪದ್ಧತಿಯಲ್ಲಿ ‘ಅ’ ಎಂಬ ಒಂದು ಅಕ್ಷರಕ್ಕೆ 3 ಬೈಟ್ ಬೇಕು. ಹಾಗಾಗಿ 170 ‘ಅ’ ಬರೆದರೆ ಜಾಗ ಮುಗಿಯಿತು! ಅಷ್ಟರಲ್ಲೇ ಎಬ್ಬಿಸುವ ಸೂಚನೆಯೂ ಇರಬೇಕು, ಡಿಸ್ಕ್‌ನ ಭಾಗಗಳ ಪಟ್ಟಿಯೂ ಇರಬೇಕು. ಆ ಪಟ್ಟಿಯೇ ಎಂಬಿಆರ್. ಅದರಲ್ಲಿ ನಾಲ್ಕು ಮುಖ್ಯ ಭಾಗಗಳಿಗಷ್ಟೇ ಜಾಗ. ಸಾಮಾನ್ಯ ಡಿಸ್ಕ್‌ನಲ್ಲಿ ಸುಮಾರು 2 ಟಿಬಿಗಿಂತ ಆಚೆಗಿನ ಜಾಗ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಹೊಸದು ಯುಇಎಫ್‌ಐ. ಇಂಟೆಲ್ ಶುರುಮಾಡಿದ ಇಎಫ್‌ಐ ಇದರ ಮೂಲ. ಹಲವು ಕಂಪನಿಗಳು ಸೇರಿ 2005ರಲ್ಲಿ ಇದಕ್ಕಾಗಿ ಒಂದು ವೇದಿಕೆ ಕಟ್ಟಿಕೊಂಡವು. ಎಬ್ಬಿಸುವ ಕಡತಗಳಿಗೆಂದೇ ಡಿಸ್ಕ್‌ನಲ್ಲಿ ಒಂದು ಚಿಕ್ಕ ಕೋಣೆ ಇಟ್ಟುಕೊಳ್ಳುವುದು ಇದರ ರೀತಿ. ಇದರ ಜೊತೆಗೆ ಬಂದ ಪಟ್ಟಿಯೇ ಜಿಪಿಟಿ. ವಿಂಡೋಸ್ ಅದರಲ್ಲಿ 128 ಭಾಗಗಳನ್ನು ಮಾಡಬಲ್ಲದು.

ಇದನ್ನು ಓದುವಾಗ ನನಗೆ ಅಪ್ಪನ ಕಥೆಯೊಂದು ನೆನಪಾಯಿತು. ಆ ಕಾಲದಲ್ಲಿ ಮುಂಬಯಿ ಕಡೆಯಿಂದ ಬೆಂಗಳೂರಿಗೆ ಬರುವವರು ಮೀರಜ್‌ನಲ್ಲಿ ಗಂಟುಮೂಟೆ ಇಳಿಸಿ ಬೇರೆ ರೈಲು ಹತ್ತಬೇಕಿತ್ತಂತೆ. ಅಲ್ಲಿಯವರೆಗೆ 1,676 ಮಿಲಿಮೀಟರಿನ ಬ್ರಾಡ್‌ಗೇಜ್, ಅಲ್ಲಿಂದ ಈಚೆಗೆ 1,000 ಮಿಲಿಮೀಟರಿನ ಮೀಟರ್‌ಗೇಜ್. ಬೋಗಿಯೂ ಸರಿ, ಹಳಿಯೂ ಸರಿ, ಆದರೆ ಒಂದಕ್ಕೊಂದು ಕೂಡುವುದಿಲ್ಲ.

ನಮ್ಮ ಮನೆಯಲ್ಲೂ ಆದದ್ದು ಅದೇ. ನಮ್ಮ ಲ್ಯಾಪ್‌ಟಾಪಿಗೆ ಎರಡೂ ಪದ್ಧತಿ ಗೊತ್ತು. ಹಿಂದೆ ವಿಂಡೋಸ್ 7 ಹಾಕಿದವರು ಹಳೆಯ ಪದ್ಧತಿಯಲ್ಲಿ ಹಾಕಿದ್ದರು. ಈಗ ಪೆನ್‌ಡ್ರೈವ್ ಹೊಸ ಪದ್ಧತಿಯಲ್ಲಿ ಎದ್ದು ಕೂತಿತ್ತು. ಪೆನ್‌ಡ್ರೈವ್ ಯಾವ ಪದ್ಧತಿಯಲ್ಲಿ ಎದ್ದಿತೋ ಅದೇ ಪದ್ಧತಿಯಲ್ಲಿ ವಿಂಡೋಸ್ ಹಾಕಲು ನೋಡುತ್ತದೆ. ಹಾಗಾದರೆ ಹಳಿ ಕೀಳುವುದೇಕೆ, ಬೋಗಿ ಬದಲಿಸಿದರಾಯಿತು!

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಚ್ಚುತ್ತಿದ್ದಂತೆ ಪುಟ್ಟಿ ಎಫ್12 ಒತ್ತಿದಳು. (ಕೆಲವು ಯಂತ್ರಗಳಲ್ಲಿ ಎಫ್9, ಕೆಲವದರಲ್ಲಿ ಎಸ್ಕೇಪ್.) ಯಾವುದರಿಂದ ಏಳಬೇಕು ಎಂದು ಕೇಳುವ ಪಟ್ಟಿ ಬಂತು. ನೋಡುತ್ತೇವೆ, ಒಂದೇ ಪೆನ್‌ಡ್ರೈವ್ ಎರಡು ಸಲ ಇದೆ! ಒಂದರ ಹಿಂದೆ ‘ಯುಇಎಫ್‌ಐ’ ಎಂದಿದೆ, ಇನ್ನೊಂದು ಬರೀ ಹೆಸರು. ಬರೀ ಹೆಸರನ್ನು ಆರಿಸಿದೆವು. ಅದೇ ನೀಲಿ ಪರದೆ, ಅದೇ ಪ್ರಶ್ನೆಗಳು. ಸಿ ಡ್ರೈವ್ ಆರಿಸಿದಾಗ ಕೆಳಗಿನ ಸಾಲು ಮೂಡಲಿಲ್ಲ. ಸಿ ಒಂದನ್ನೇ ಫಾರ್ಮ್ಯಾಟ್ ಮಾಡಿ ಮುಂದೆ ಹೋದೆವು. ಡಿ ಕಡೆ ಬಾಣವನ್ನು ಒಯ್ಯಲೂ ಇಲ್ಲ.

ಸಂಜೆ ಡಿ ಡ್ರೈವ್ ತೆರೆದು ಒಂದು ಕಡತ ಒತ್ತಿದೆ. ಅಪ್ಪ ಕೆಮ್ಮಿ, “ಎಲ್ಲಿಗೆ ನಿಲ್ಲಿಸಿದ್ದೆ ಪುಟ್ಟಿ?” ಎಂದರು. ಅಡುಗೆಮನೆಯಲ್ಲಿದ್ದ ಅಮ್ಮ ಒಲೆ ಆರಿಸಿ ಬಂದು ಕೂತರು. ಆ ರಾತ್ರಿಯೇ ಎಲ್ಲ ಕಥೆಗಳನ್ನೂ ಎರಡು ಬೇರೆ ಬೇರೆ ಕಡೆ ನಕಲು ಮಾಡಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ನಿಮ್ಮ ಮನೆಯಲ್ಲೂ ಯಾರೋ ಪೆನ್‌ಡ್ರೈವ್ ಹಿಡಿದು ಕೂರಬಹುದು. ಕೂರುವ ಮೊದಲು ಇಷ್ಟು ಮಾಡಿ.

ಫೋಟೊ, ಧ್ವನಿ, ಪತ್ರ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ನಕಲು ಮಾಡಿ. ಇದು ಮೊದಲನೆಯದು, ನನ್ನ ಹಾಗೆ ಕೊನೆಯದಲ್ಲ.

ವಿಂಡೋಸ್ ಇನ್ನೂ ನಡೆಯುತ್ತಿದ್ದರೆ ‘ಸಿಸ್ಟಮ್ ಇನ್ಫರ್ಮೇಶನ್’ ಎಂದು ಹುಡುಕಿ ತೆರೆಯಿರಿ. ‘ಬಯಾಸ್ ಮೋಡ್’ ಎಂಬ ಸಾಲಿನ ಮುಂದೆ ‘ಲೆಗಸಿ’ ಎಂದಿದ್ದರೆ ಹಳೆಯ ಪದ್ಧತಿ, ‘ಯುಇಎಫ್‌ಐ’ ಎಂದಿದ್ದರೆ ಹೊಸದು. ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕುವವರು ಪೆನ್‌ಡ್ರೈವನ್ನೂ ಅದೇ ಪದ್ಧತಿಯಲ್ಲಿ ಎಬ್ಬಿಸಬೇಕು.

ವಿಂಡೋಸ್ 11ಕ್ಕೆ ಮಾತ್ರ ನಮ್ಮ ಉಪಾಯ ನಡೆಯುವುದಿಲ್ಲ. ಅದು ಯುಇಎಫ್‌ಐಯನ್ನೇ ಕೇಳುತ್ತದೆ. ಹಾಗೆಂದು ಎಲ್ಲ ಅಳಿಸಬೇಕಾಗಿಲ್ಲ. ಕಡತಗಳನ್ನು ಅಳಿಸದೆ ಎಂಬಿಆರ್ ಪಟ್ಟಿಯನ್ನು ಜಿಪಿಟಿಗೆ ಬದಲಿಸುವ ‘ಎಂಬಿಆರ್2ಜಿಪಿಟಿ’ ಎಂಬ ಸಾಧನ ವಿಂಡೋಸ್ 10ರಲ್ಲೇ 2017ರಿಂದ ಇದೆ. ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಕಲು ಮಾಡಿಟ್ಟ ಮೇಲೆ ಬಳಸಿ. ಅದು ಮುಗಿದ ಮೇಲೆ ಫರ್ಮ್‌ವೇರ್‌ನಲ್ಲೂ ಯುಇಎಫ್‌ಐ ಆರಿಸಬೇಕು. ಡಿಸ್ಕ್ ಬದಲಿಸದೆ ಫರ್ಮ್‌ವೇರ್‌ನಲ್ಲಿ ಮಾತ್ರ ಬದಲಿಸಿ ಕಂಪ್ಯೂಟರ್ ಏಳದಿದ್ದರೆ ಗಾಬರಿ ಬೇಡ. ಆ ಆಯ್ಕೆಯನ್ನು ಮೊದಲಿನಂತೆ ಇಟ್ಟು ನೋಡಿ.

ಪುಟ್ಟಿ ಈಗ ಕಾಲೇಜಿನಲ್ಲಿದ್ದಾಳೆ. ಮೊನ್ನೆ ನನ್ನ ಫೋನಿನಲ್ಲಿ ಏನೋ ತಪ್ಪು ಸಂದೇಶ ಬಂತು, ಓದಿ ಹೇಳು ಎಂದು ಅವಳ ಮುಂದೆ ಹಿಡಿದೆ. “ವಿವರ ತೋರಿಸು ಒತ್ತಿದೆಯಾ?” ಎಂದು ಕೇಳಿದಳು. ಒತ್ತಿರಲಿಲ್ಲ.