ಹಾಜರಿ ಬಿತ್ತೋ ಇಲ್ಲವೋ, ಹೇಳೋರು ಯಾರು?

ಹೊಸಪೇಟೆ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ಮಾರುವ ಅಜ್ಜಿಯ ತಳ್ಳುಗಾಡಿಗೂ ಇವತ್ತು ಕ್ಯೂಆರ್ ಕೋಡ್ ಅಂಟಿದೆ. ಇದಕ್ಕಾಗಿ ಅವರಿಗೆ ಯಾವ ಇಲಾಖೆಯೂ ತರಬೇತಿ ಶಿಬಿರ ನಡೆಸಿಲ್ಲ. ಅದೇ ಸುತ್ತಲಿನ ಹಳ್ಳಿಗಳಲ್ಲಿ ‘ಖಾತ್ರಿ ಕೆಲಸ’ಕ್ಕೆ, ಅಂದರೆ ನರೇಗಾ ಕೂಲಿಗೆ ಹೋಗುವವರಿಗೆ ಮೊಬೈಲ್ ಹಾಜರಾತಿ ಇನ್ನೂ ತಲೆನೋವು. ಇಬ್ಬರದೂ ಹೆಚ್ಚುಕಡಿಮೆ ಅಷ್ಟೇ ಓದು. ಹಾಗಾದರೆ ‘ಹಳ್ಳಿಯವರಿಗೆ ತಂತ್ರಜ್ಞಾನ ಒಗ್ಗುವುದಿಲ್ಲ’ ಎಂಬ ಮಾತು ಎಷ್ಟು ನಿಜ?

ಎನ್‌ಎಂಎಂಎಸ್ ಎಂಬ ಆ್ಯಪ್ 2021ರ ಮೇನಲ್ಲಿ ಪ್ರಯೋಗವಾಗಿ ಬಂತು. 2023ರ ಜನವರಿ 1ರಿಂದ ಸಮುದಾಯ ಕಾಮಗಾರಿಗಳಿಗೆಲ್ಲ ಕಡ್ಡಾಯವಾಯಿತು. ಕೆಲಸದ ಜಾಗದಲ್ಲೇ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೆದು ಅಪ್‌ಲೋಡ್ ಮಾಡಬೇಕು. ನಮ್ಮ ರಾಜ್ಯದಲ್ಲಿ ಈ ಹೊಣೆ ಹೆಚ್ಚಾಗಿ ‘ಕಾಯಕ ಬಂಧು’ಗಳದು, ಅವರೂ ಕೂಲಿಕಾರರ ನಡುವಿನಿಂದಲೇ ಬಂದವರು. ಶುರುವಿನಲ್ಲಿ ಆ್ಯಪ್ ಇದ್ದದ್ದು ಇಂಗ್ಲಿಷಿನಲ್ಲಿ. ಸಂಡೂರಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಕಂಪ್ಲಿ ಕಡೆ ಕನ್ನಡದ ಜೊತೆ ತೆಲುಗು. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಸಿಗುವುದು ಅದೃಷ್ಟ.

ಹಳೇ ಪದ್ಧತಿ ಚಿನ್ನದಂಥದ್ದು ಎಂದು ನಾನು ಹೇಳುತ್ತಿಲ್ಲ. ಕಾಗದದ ಎನ್‌ಎಂಆರ್‌ನಲ್ಲಿ ಬಾರದವರ ಹೆಸರೂ ಇರುತ್ತಿತ್ತು, ಜೆಸಿಬಿ ಮಾಡಿದ ಕೆಲಸಕ್ಕೂ ಹಾಜರಿ ಬೀಳುತ್ತಿತ್ತು. ಆದರೆ ಕಾಗದದಲ್ಲಿ ಒಂದು ಗುಣವಿತ್ತು. ಹಾಜರಿ ಕಣ್ಣೆದುರೇ ಬೀಳುತ್ತಿತ್ತು. ಓದು ಬಾರದವರೂ ಪಕ್ಕದವರಿಂದ ಓದಿಸಿಕೊಳ್ಳಬಹುದಿತ್ತು. ಈಗ ಫೋಟೊ ಹೋಯಿತೋ, ನೆಟ್‌ವರ್ಕ್ ಇಲ್ಲದೆ ನಿಂತಿತೋ ಕೂಲಿಕಾರಳಿಗೆ ತಿಳಿಯುವುದೇ ಇಲ್ಲ. ಖಾತೆಗೆ ಹಣ ಕಡಿಮೆ ಬಿದ್ದಾಗಲೇ ಗೊತ್ತಾಗುವುದು. ರಾಜ್ಯದಲ್ಲಿ 2025–26ರ ದಿನಗೂಲಿ 370 ರೂಪಾಯಿ. ಒಂದು ಫೋಟೊ ತಪ್ಪಿದರೆ ಹೋಗುವುದು ಅಷ್ಟು. ವಿಶೇಷ ಸಂದರ್ಭದಲ್ಲಿ ಕೈಬರಹದ ಹಾಜರಿ ಸೇರಿಸಲು ಅವಕಾಶವಿದೆ, ಆದರೆ ಅದಕ್ಕೆ ಜಿಲ್ಲಾ ಮಟ್ಟದ ಒಪ್ಪಿಗೆ ಬೇಕು. ಕಂಪ್ಲಿಯ ಒಂದು ದಿನದ ಕೂಲಿಗೆ ಬಳ್ಳಾರಿಯ ಕಚೇರಿ!

ಇನ್ನು ಬಾಳೆಹಣ್ಣಿನ ಅಜ್ಜಿಯ ವಿಷಯ. ಅವರ ಧೈರ್ಯಕ್ಕೆ ಕಾರಣ ಕ್ಯೂಆರ್ ಕೋಡ್ ಅಲ್ಲ, ಪಕ್ಕದಲ್ಲಿರುವ ಸೌಂಡ್‌ಬಾಕ್ಸ್. ಇಷ್ಟು ರೂಪಾಯಿ ಬಂತು ಎಂದು ಅದು ಕನ್ನಡದಲ್ಲಿ ಕೂಗಿ ಹೇಳುತ್ತದೆ. ಕೂಗದಿದ್ದರೆ ಗಿರಾಕಿಯನ್ನು ಅಲ್ಲೇ ನಿಲ್ಲಿಸಿ ಕೇಳಬಹುದು. ಹಾಜರಾತಿ ಆ್ಯಪ್ ಮಾತಾಡುವುದು ಮೇಲಿನ ಕಚೇರಿಗಳ ಜೊತೆ ಮಾತ್ರ. ದುಡಿದವಳಿಗೆ ಅದು ಒಂದು ಮಾತನ್ನೂ ಹೇಳುವುದಿಲ್ಲ. (ನಮ್ಮ ಕಾಲೇಜು ಪ್ರಾಜೆಕ್ಟ್‌ಗಳೂ ಹೀಗೇ. ಅಡ್ಮಿನ್ ಡ್ಯಾಶ್‌ಬೋರ್ಡ್ ಥಳಥಳ ಹೊಳೆಯುತ್ತದೆ, ಬಳಸುವವರ ಪರದೆ ಕೊನೇ ರಾತ್ರಿ ತಯಾರಾಗುತ್ತದೆ.)

ಕಳ್ಳತನವಾದರೂ ನಿಂತಿತೇ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಚಿತ್ರಗಳು, ಫೋಟೊದ ಮೇಲೆ ತೆಗೆದ ಫೋಟೊಗಳು ಅಪ್‌ಲೋಡ್ ಆಗುತ್ತಿವೆ ಎಂದಿತು. ಪಂಚಾಯಿತಿ ಮಟ್ಟದಲ್ಲಿ ಫೋಟೊಗಳನ್ನೆಲ್ಲ ಮನುಷ್ಯರೇ ಪರಿಶೀಲಿಸಬೇಕೆಂದು ಸೂಚಿಸಿತು. ಮೋಸ ಮಾಡುವವರು ಆ್ಯಪ್ ಅನ್ನು ಎಲ್ಲರಿಗಿಂತ ಬೇಗ ಕಲಿತರು.

ನರೇಗಾ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಕೆಲಸದ ದಿನಗಳನ್ನು 100ರಿಂದ 125ಕ್ಕೆ ಏರಿಸಿದೆ. ಜೊತೆಗೆ ಬಯೋಮೆಟ್ರಿಕ್ ದೃಢೀಕರಣ, ಕೃತಕ ಬುದ್ಧಿಮತ್ತೆಯ ನಿಗಾ ಬರಲಿದೆ. ಮಣ್ಣು ಹೊತ್ತು ಸವೆದ ಬೆರಳನ್ನು ಯಂತ್ರ ಗುರುತಿಸದೇ ಹೋದಾಗ ಏನಾಗುತ್ತದೆಂದು ರೇಷನ್ ಅಂಗಡಿ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಹೊಸ ವ್ಯವಸ್ಥೆ ಪೂರ್ತಿ ಗಟ್ಟಿಯಾಗುವ ಮೊದಲೇ ಎರಡು ಅಂಶ ಅದರಲ್ಲಿ ಸೇರಬೇಕು. ದಿನಾ ಸಂಜೆ ಕೂಲಿಕಾರರ ಫೋನಿಗೆ ಅವರ ಮಾತಿನಲ್ಲೇ ‘ಇವತ್ತಿನ ಹಾಜರಿ ಬಿದ್ದಿದೆ’ ಅಥವಾ ‘ಬಿದ್ದಿಲ್ಲ’ ಎಂದು ಹೇಳುವ ಒಂದು ಕರೆ. ಬಿದ್ದಿಲ್ಲವೆಂದರೆ ಮರುದಿನವೇ ಪಂಚಾಯಿತಿಯಲ್ಲಿ ಸರಿಪಡಿಸುವ ಅಧಿಕಾರ. ಸಾಲ ಬೇಕೇ ಎಂದು ಕೇಳುವ ರೆಕಾರ್ಡೆಡ್ ಕರೆಗಳು ನಮ್ಮ ತಾಂಡಾಗಳಿಗೂ ದಿನಾ ಬರುತ್ತವೆ. ಹಾಜರಿಯ ಕರೆ ಯಾಕೆ ಬರಬಾರದು?