‘ಯಾರಿಗೂ ಹೇಳಬೇಡಿ’ ಎಂದವನ ಮಾತು ಕೇಳಬೇಡಿ

ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ 2025ರ ಮಾರ್ಚ್ ಕೊನೆಯ ವಾರ ಎಂಬತ್ತರ ಆಸುಪಾಸಿನ ದಂಪತಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ದೆಹಲಿಯ ಟೆಲಿಕಾಂ ಇಲಾಖೆಯವನೆಂದು ಹೇಳಿಕೊಂಡ ಒಬ್ಬ ಫೋನ್ ಮಾಡಿದ್ದ. ನಿಮ್ಮ ಹೆಸರಿನ ಸಿಮ್ ಬಳಸಿ ಅಪರಾಧ ನಡೆದಿದೆ ಎಂದು ಹೆದರಿಸಿದ್ದ. ಹೆದರಿದ ಹಿರಿಯರು ಐವತ್ತು ಲಕ್ಷಕ್ಕೂ ಮಿಕ್ಕಿ ಹಣ ಕಳಿಸಿದರು. ಚಿನ್ನ ಅಡವಿಟ್ಟರು. ಪರಿಚಯದವರಲ್ಲಿ ಸಾಲ ಮಾಡಿದರು. ಅತ್ತ ಕೇಳುವವರ ಬಾಯಿ ಮುಚ್ಚಲಿಲ್ಲ. ಈ ವಯಸ್ಸಿನಲ್ಲಿ ಇನ್ನೊಬ್ಬರ ಹಂಗಿನಲ್ಲಿ ಬದುಕುವುದು ಬೇಡ ಎಂದು ಪತ್ರ ಬರೆದಿಟ್ಟು ಹೋಗಿಬಿಟ್ಟರು.

ಆ ಘಟನೆಯ ವರದಿಯಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಮೊದಲ ಫೋನಿಗೂ ಆ ಪತ್ರಕ್ಕೂ ನಡುವಿನ ದಿನಗಳು. ಅಷ್ಟು ದಿನವೂ ಆ ಮನೆಯ ಮುಂದೆ ಜನ ಓಡಾಡಿರಬೇಕು. ಹಾಲಿನವನು ಬಂದಿರಬೇಕು, ಪಕ್ಕದ ಮನೆಯವರು ಊಟ ಆಯ್ತೇ ಎಂದು ಕೇಳಿರಬೇಕು. ಅವರಲ್ಲಿ ಒಬ್ಬರ ಕೈ ಹಿಡಿದು ‘ನಮಗೆ ಹೀಗೊಂದು ಫೋನು ಬರ್ತಾ ಇದೆ’ ಎಂದಿದ್ದರೆ ಸಾಕಿತ್ತು, ಇಬ್ಬರೂ ಉಳಿಯುತ್ತಿದ್ದರೇನೋ. ಹೇಳದಂತೆ ಅವರನ್ನು ತಡೆದದ್ದು ಏನು? ಫೋನಿನ ಆಚೆಗಿದ್ದವನ ಬೆದರಿಕೆ, ಸರಿ. ಈಚೆಗಿದ್ದ ನಾವು ಏನಂದೇವು ಎಂಬ ಅಂಜಿಕೆಗೆ ಅದರಲ್ಲಿ ಪಾಲಿಲ್ಲವೇ?

ಈ ಫೋನು ಹೇಗೆ ಬರುತ್ತದೆ, ನಿಧಾನವಾಗಿ ನೋಡಿ. ಬೆಳಿಗ್ಗೆ ಹತ್ತೋ ಹನ್ನೊಂದೋ ಗಂಟೆ. ಮಕ್ಕಳು ಕೆಲಸಕ್ಕೆ ಹೋಗಿದ್ದಾರೆ. ಮನೆಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರೇ, ಕುಕ್ಕರ್ ಇಟ್ಟಿದ್ದಾರೆ. ‘ಇನ್ನೆರಡು ಗಂಟೆಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಬಂದ್ ಆಗಲಿದೆ, ಹೆಚ್ಚಿನ ಮಾಹಿತಿಗೆ ಒಂಬತ್ತು ಒತ್ತಿ’ ಎನ್ನುತ್ತದೆ ರೆಕಾರ್ಡಾದ ದನಿ. ಒತ್ತಿದರೆ ಬಲು ಮರ್ಯಾದೆಯಿಂದ ಮಾತಾಡುವ ಒಬ್ಬಾತ. ಹೆಸರು, ವಿಳಾಸ, ಆಧಾರ್ ಅಂಕಿ ಎಲ್ಲವನ್ನೂ ಅವನೇ ಓದಿ ಹೇಳುತ್ತಾನೆ. ನಿಮ್ಮ ಸಿಮ್ ಮುಂಬೈಯಲ್ಲಿ ದುರ್ಬಳಕೆಯಾಗಿದೆ ಎನ್ನುತ್ತಾನೆ, ಇಲ್ಲವೇ ನಿಮ್ಮ ಹೆಸರಿನ ಕೊರಿಯರ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಎನ್ನುತ್ತಾನೆ. ಟೀಚರಮ್ಮನ ದನಿ ನಡುಗಿದ್ದು ಗೊತ್ತಾದ ಕೂಡಲೇ ‘ಪೊಲೀಸರಿಗೇ ಲೈನ್ ಕೊಡ್ತೀನಿ, ನೀವೇ ಮಾತಾಡಿ’. ಈಗ ವಾಟ್ಸ್‌ಆ್ಯಪ್ ವಿಡಿಯೊ. ಖಾಕಿ ತೊಟ್ಟವನು, ಹಿಂದೆ ಲಾಂಛನ, ವಾಕಿಟಾಕಿಯ ಗರಗರ. ಸಿಬಿಐ, ಇ.ಡಿ., ಸುಪ್ರೀಂ ಕೋರ್ಟ್ ಹೆಸರಿನ ಮೊಹರು ಬಿದ್ದ ಕಾಗದಗಳು ಒಂದರ ಹಿಂದೊಂದು ಬರುತ್ತವೆ. ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಲಾಗಿದೆ ಎಂಬ ಘೋಷಣೆಯಾಗುತ್ತದೆ.

ಇಡೀ ನಾಟಕಕ್ಕೆ ಬುನಾದಿಯಾದ ಮಾತು ಇನ್ನೂ ಬರಬೇಕು. ‘ಇದು ದೇಶದ ಭದ್ರತೆಯ ಕೇಸು, ಯಾರಿಗೂ ಹೇಳಬೇಡಿ. ಮಗನಿಗೆ ಹೇಳಿದರೆ ಅವನನ್ನೂ ಒಳಗೆ ಹಾಕಬೇಕಾಗುತ್ತೆ.’

ತಾಯಿಗೆ ಮಗನ ಮೇಲಿರುವ ಮಮತೆಯನ್ನೇ ಅವಳ ಬಾಯಿಗೆ ಬೀಗವಾಗಿಸುವ ಈ ಕ್ರೌರ್ಯಕ್ಕೆ ನಾನು ಬೇರೆ ಹೆಸರು ಕಾಣೆ. ಅಲ್ಲಿಂದ ಮುಂದೆ ಕ್ಯಾಮೆರಾ ಆರಿಸುವಂತಿಲ್ಲ. ಬಚ್ಚಲಿಗೆ ಹೋಗಲೂ ಅಪ್ಪಣೆ ಬೇಕು. ಬಾಗಿಲು ಬಡಿದ ಪಕ್ಕದ ಮನೆಯವರಿಗೆ ‘ಮೈ ಸರಿ ಇಲ್ಲ, ಆಮೇಲೆ ಬಾರಮ್ಮ’ ಎಂದು ಒಳಗಿನಿಂದಲೇ ಹೇಳಬೇಕು. ನಿಮ್ಮ ಹಣ ಸಾಚಾ ಹೌದೋ ಅಲ್ಲವೋ ರಿಸರ್ವ್ ಬ್ಯಾಂಕ್ ಪರಿಶೀಲಿಸಬೇಕು, ಈ ಖಾತೆಗೆ ಹಾಕಿ, ತನಿಖೆ ಮುಗಿದ ಮೇಲೆ ಒಂದು ರೂಪಾಯಿಯೂ ಬಿಡದಂತೆ ವಾಪಸ್ ಬರುತ್ತದೆ ಎಂದು ನಂಬಿಸುತ್ತಾರೆ. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಗ್ರಾಚ್ಯುಟಿ, ಮಗಳ ಮದುವೆಗೆಂದು ಇಟ್ಟ ಎಫ್‌ಡಿ, ಗಂಡನ ವಿಮೆಯ ಹಣ ಹೀಗೆ ಒಂದೊಂದಾಗಿ ಕರಗುತ್ತವೆ.

ಡಿಜಿಟಲ್ ಅರೆಸ್ಟ್ ಎಂಬುದು ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕಾಲ್‌ನಲ್ಲಿ ಯಾವ ಪೊಲೀಸನೂ ಯಾರನ್ನೂ ಬಂಧಿಸುವಂತಿಲ್ಲ, ಯಾವ ತನಿಖಾ ಸಂಸ್ಥೆಯೂ ಪರಿಶೀಲನೆಗೆಂದು ಹಣ ಹಾಕಿಸಿಕೊಳ್ಳುವುದಿಲ್ಲ. ವಿಚಾರಣೆಗೆ ಹಾಜರಾಗಿ ಎಂಬ ಪೊಲೀಸ್ ನೋಟಿಸನ್ನು ಸಹ ವಾಟ್ಸ್‌ಆ್ಯಪ್‌ನಲ್ಲಿ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೇ ಕೋರ್ಟಿನ ಹೆಸರಿನಲ್ಲಿ ನಕಲಿ ಆದೇಶ ತೋರಿಸಿ ಹರಿಯಾಣದ ಅಂಬಾಲಾದ ಹಿರಿಯ ದಂಪತಿಯಿಂದ ಕೋಟಿ ರೂಪಾಯಿ ದೋಚಿದಾಗ, 2025ರ ಅಕ್ಟೋಬರ್‌ನಲ್ಲಿ ಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡಿತು. ಡಿಸೆಂಬರ್‌ನಲ್ಲಿ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ದೇಶದ ಅತ್ಯುನ್ನತ ನ್ಯಾಯಾಲಯದ ಮೊಹರನ್ನೇ ನಕಲು ಮಾಡುವ ಧೈರ್ಯ ಇರುವವರ ಮುಂದೆ ಒಬ್ಬಂಟಿ ಮುದುಕಿ ಏನು ಮಾಡಿಯಾಳು?

ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿ ಒಂಬತ್ತೂವರೆಗೆ ಕನೆಕ್ಷನ್ ಕಟ್ ಎಂಬ ಮೆಸೇಜು, ಟ್ರಾಫಿಕ್ ದಂಡದ ರಸೀದಿಯೆಂದೋ ಮದುವೆಯ ಕರೆಯೋಲೆಯೆಂದೋ ಬರುವ, ಫೋನಿಗೆ ಆ್ಯಪ್ ಇಳಿಸುವ ಎಪಿಕೆ ಫೈಲು, ಹಣ ಬರಬೇಕಾದರೆ ಪಿನ್ ಒತ್ತಿ ಎನ್ನುವ ಮಾತು, ಎಲ್ಲವೂ ಇದೇ ಬಳಗದವು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕೊಡುವಾಗ ಮಾತ್ರ ಬೇಕು. ಎಪಿಕೆ ಎಂದು ಕೊನೆಯಾಗುವ ಫೈಲನ್ನು ಒಡಹುಟ್ಟಿದವರೇ ಕಳಿಸಿದ್ದರೂ ಒತ್ತಬೇಡಿ. ಅವರ ಫೋನು ಈಗ ಯಾರ ಕೈಯಲ್ಲಿದೆಯೋ. ಈ ತಿಳಿವಳಿಕೆ ಬೇಕು. ಆದರೆ ತಿಳಿವಳಿಕೆಯೊಂದೇ ಕಾಪಾಡುತ್ತದೆ ಎಂದು ನಾನು ನಂಬುವುದಿಲ್ಲ. ಬೆಂಗಳೂರಿನ ಮಹಿಳೆಯೊಬ್ಬರು, ಐಟಿ ಕಂಪನಿಯಲ್ಲಿ ಕೆಲಸ ಮಾಡುವವರು, ತಿಂಗಳುಗಟ್ಟಲೆ ಇಂಥವರ ಹಿಡಿತದಲ್ಲಿದ್ದು 187 ಬಾರಿ ಹಣ ವರ್ಗಾಯಿಸಿ ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡದ್ದು 2025ರ ನವೆಂಬರ್‌ನಲ್ಲಿ ಸುದ್ದಿಯಾಯಿತು.

ಆ ಸುದ್ದಿಯ ಬಗ್ಗೆ ನಮ್ಮವರು ಆಡಿಕೊಂಡ ಮಾತುಗಳನ್ನು ನೆನಪಿಸಿಕೊಳ್ಳಿ. ‘ಇಷ್ಟು ಓದಿದೋರಿಗೆ ಅಷ್ಟೂ ಬುದ್ಧಿ ಬೇಡವಾ’, ‘ಅಷ್ಟು ದುಡ್ಡು ಎಲ್ಲಿಂದ ಬಂತಂತೆ’, ‘ದುರಾಸೆಗೆ ತಕ್ಕ ಶಾಸ್ತಿ’. ಕಟ್ಟೆಯ ಮೇಲೆ ಕೂತು, ಕಾಫಿ ಕುಡಿಯುತ್ತ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಗುವ ಬೊಂಬೆ ಹಾಕುತ್ತ ನಾವು ಹೀಗೆ ಮಾತಾಡುವಾಗ ಒಳಮನೆಯಲ್ಲಿ ನಮ್ಮ ಅಪ್ಪನೋ ಅತ್ತೆಯೋ ಕೇಳಿಸಿಕೊಳ್ಳುತ್ತಿರುತ್ತಾರೆ. ನಾಳೆ ಅದೇ ಫೋನು ಅವರಿಗೆ ಬಂದಾಗ ನಮ್ಮ ಈ ಮಾತೇ ಕಿವಿಯಲ್ಲಿ ಮೊಳಗುತ್ತದೆ. ನನ್ನನ್ನೂ ಹೀಗೇ ಆಡಿಕೊಂಡಾರು ಎಂದುಕೊಳ್ಳುತ್ತಾರೆ, ಸುಮ್ಮನಾಗುತ್ತಾರೆ. ಯಾರಿಗೂ ಹೇಳಬೇಡಿ ಎಂದ ಕಳ್ಳನ ಕೆಲಸವನ್ನು ನಾವು ಮುಂಚೆಯೇ ಮಾಡಿಕೊಟ್ಟಿರುತ್ತೇವೆ.

ಮೋಸ ಹೋದವರಿಗೆ ಬುದ್ಧಿ ಕಡಿಮೆ ಎಂಬುದು ಶುದ್ಧ ಸುಳ್ಳು. ಖಾಕಿ ಕಂಡರೆ ಕೈಕಟ್ಟಿ ನಿಲ್ಲಬೇಕು, ಸರ್ಕಾರದ ಕಾಗದಕ್ಕೆ ಎದುರಾಡಬಾರದು, ಮನೆತನದ ಹೆಸರಿಗೆ ಮಸಿ ಬಳಿಯಬಾರದು ಎಂದು ಬದುಕಿದವರು ಅವರು. ಈ ಕಳ್ಳರು ಒಡ್ಡಿದ ಬಲೆಗೆ ಬಿದ್ದದ್ದು ಅವರ ಆ ಪ್ರಾಮಾಣಿಕತೆ.

ಬಾಯಿ ಕಟ್ಟಿಹಾಕುವ ಈ ನಾಚಿಕೆಯ ಬೆಲೆಯನ್ನು ಗಂಟೆಗಳಲ್ಲಿ ಲೆಕ್ಕ ಹಾಕಬಹುದು. ವಂಚಕರ ಖಾತೆಗೆ ಬಿದ್ದ ಹಣ ಅಲ್ಲಿ ನಿಲ್ಲುವುದಿಲ್ಲ. ಒಂದರಿಂದ ಹತ್ತು ಖಾತೆಗೆ, ಹತ್ತರಿಂದ ನೂರಕ್ಕೆ ಹಂಚಿಹೋಗಿ ಎಟಿಎಂನಲ್ಲೋ ಕ್ರಿಪ್ಟೋ ಕರೆನ್ಸಿಯಾಗಿಯೋ ಕೈದಾಟುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ ಆ ಹಣ ಹೋದ ದಾರಿಯ ಬ್ಯಾಂಕುಗಳಿಗೆಲ್ಲ ಸೂಚನೆ ಹೋಗಿ, ಎಲ್ಲಿ ಸಿಕ್ಕೀತೋ ಅಲ್ಲಿ ತಡೆಹಿಡಿಯುತ್ತಾರೆ. ಮೊದಲ ಗಂಟೆಯಲ್ಲಿ ಹೇಳಿದವರಿಗೆ ಹಣ ಉಳಿಯುವ ಸಾಧ್ಯತೆ ಇದೆ. ಮನೆಯವರಿಗೆ ಹೇಗೆ ಮುಖ ತೋರಿಸಲಿ ಎಂದು ಮೂರು ದಿನ ಕೊರಗಿದವರಿಗೆ ಬಹುತೇಕ ಇಲ್ಲ. ನಮ್ಮ ಜಿಲ್ಲೆಗಳಲ್ಲೆಲ್ಲ ಸೈಬರ್ ಅಪರಾಧದ (ಸೆನ್) ಪೊಲೀಸ್ ಠಾಣೆಗಳಿವೆ. ದೂರು ಕೊಡುವಾಗ ಹಣ ಹೋದ ಸಮಯ, ಬ್ಯಾಂಕ್ ಮೆಸೇಜಿನಲ್ಲಿರುವ ಯುಟಿಆರ್ ಸಂಖ್ಯೆ, ಫೋನ್ ಬಂದ ನಂಬರು ಕೈಯಲ್ಲಿರಲಿ. ಮೆಸೇಜುಗಳನ್ನು ಅವಮಾನವೆಂದು ಅಳಿಸಿಹಾಕಬೇಡಿ, ಅವೇ ಸಾಕ್ಷಿ.

ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2023ರಲ್ಲಿ ದೇಶದ ಜನ ಸೈಬರ್ ವಂಚನೆಗೆ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಇದು ದೂರು ಕೊಟ್ಟವರದ್ದು ಮಾತ್ರ. ಬಾಯಿ ಬಿಡದೆ ಒಳಗೊಳಗೇ ನುಂಗಿಕೊಂಡವರ ಲೆಕ್ಕ ಯಾವ ಸಚಿವಾಲಯದಲ್ಲೂ ಇಲ್ಲ.

ಆದ್ದರಿಂದ ಮನೆ ಮನೆಯ ಮಕ್ಕಳಲ್ಲಿ ಕೈಮುಗಿದು ಕೇಳುತ್ತೇನೆ. ಅಪ್ಪ–ಅಮ್ಮನಿಗೆ ಒಟಿಪಿ ಹೇಳಬೇಡಿ ಎಂದು ನೂರು ಸಲ ಹೇಳಿದ್ದೀರಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಮಾತು ಹೇಳಿ: ‘ಅಮ್ಮ, ಎಷ್ಟೇ ದುಡ್ಡು ಹೋಗಿರಲಿ, ನಿನ್ನಿಂದಲೇ ತಪ್ಪಾಗಿರಲಿ, ಮೊದಲು ನನಗೆ ಫೋನ್ ಮಾಡು. ನಾನು ಬೈಯಲ್ಲ.’ ಹೇಳಿದಂತೆ ನಡೆದುಕೊಳ್ಳಿ. ಫೋನಿನಲ್ಲಿ ಫೋಟೊ ಕಳಿಸುವುದು ಹೇಗೆ ಎಂದು ಅವರು ಮೂರನೇ ಸಲ ಕೇಳಿದಾಗ ನೀವು ಸಿಡುಕಿದ್ದೀರಲ್ಲ, ಅಲ್ಲಿಂದಲೇ ಅವರು ನಿಮ್ಮಿಂದ ಮುಚ್ಚಿಡಲು ಶುರು ಮಾಡಿರುತ್ತಾರೆ. ಹಣ ಕಳೆದುಕೊಂಡ ಹಿರಿಯರನ್ನು ರಾತ್ರಿ ಒಂಟಿಯಾಗಿ ಬಿಡಬೇಡಿ, ಹತ್ತಿರವೇ ಮಲಗಿ. ಜೀವವೇ ಬೇಡ ಎಂಬ ಮಾತು ಅವರ ಬಾಯಲ್ಲಿ ಬಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್‌ನ 14416ಕ್ಕೆ ಆಗಲೇ ಫೋನ್ ಮಾಡಿ, ಆ ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೂ ಒಂದು ಮಾತಿದೆ. ಹೈದರಾಬಾದಿನಲ್ಲಿ 2024ರಲ್ಲಿ ಹಿರಿಯ ವೈದ್ಯರೊಬ್ಬರು ಎಫ್‌ಡಿ ಮುರಿಸಲು ಸ್ಟೇಟ್ ಬ್ಯಾಂಕಿಗೆ ಬಂದರು. ಏಕೆಂದು ಕೇಳಿದರೆ ಮೊದಲು ಸ್ವಂತ ಖರ್ಚಿಗೆ ಎಂದರು, ಆಮೇಲೆ ಆಸ್ತಿ ಕೊಳ್ಳುತ್ತಿದ್ದೇನೆ ಎಂದರು. ಕೌಂಟರಿನಲ್ಲಿದ್ದ ಹೆಣ್ಣುಮಗಳಿಗೆ ಅನುಮಾನ ಬಂತು. ವೈದ್ಯರು ಮತ್ತೆ ಮತ್ತೆ ಬಂದರೂ ಆಕೆ ಏನಾದರೊಂದು ಹೇಳಿ ಹಣ ಕಳಿಸುವುದನ್ನು ಮುಂದೂಡಿದರು, ಕೊನೆಗೆ 1930ಕ್ಕೆ ಫೋನ್ ಹಚ್ಚಿಸಿದರು. ಉಳಿದದ್ದು 13 ಲಕ್ಷ ರೂಪಾಯಿ. ಬ್ಯಾಂಕಿನವರನ್ನು ನಂಬಬೇಡಿ ಎಂದು ವಂಚಕರು ಆ ವೈದ್ಯರಿಗೆ ಹೇಳಿಕೊಟ್ಟಿದ್ದರಂತೆ. ಆಕೆ ಯಾವ ದೊಡ್ಡ ತಂತ್ರಜ್ಞಾನವನ್ನೂ ಬಳಸಲಿಲ್ಲ. ಎದುರಿಗೆ ನಿಂತವರ ಮುಖ ನೋಡಿದರು, ಅಷ್ಟೆ.

ನಮ್ಮ ಊರುಗಳ ಶಾಖೆಗಳಲ್ಲಿ ಇದು ಆಗುತ್ತಿದೆಯೇ? ನಡುಗುವ ಕೈಯಲ್ಲಿ ಎಫ್‌ಡಿ ಬಾಂಡು ಹಿಡಿದು, ಆನ್ ಆಗಿರುವ ಫೋನನ್ನು ಚೀಲದಲ್ಲಿಟ್ಟುಕೊಂಡು ಬಂದ ಅಜ್ಜಿಯನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ‘ಅಜ್ಜಿ, ಫೋನ್ ಆರಿಸಿ, ಯಾರಾದರೂ ಹೆದರಿಸಿದ್ದಾರಾ’ ಎಂದು ಅವರ ಭಾಷೆಯಲ್ಲಿ ಕೇಳುವವರು ಎಷ್ಟು ಜನ? ಕೇಳಬೇಕೆಂಬ ಮನಸ್ಸಿದ್ದರೂ ಕನ್ನಡ ಬಾರದ ಸಿಬ್ಬಂದಿಯನ್ನು ಹಳ್ಳಿಯ ಶಾಖೆಯಲ್ಲಿ ಕೂರಿಸಿ, ಎಚ್ಚರಿಕೆಯ ಮೆಸೇಜನ್ನು ಇಂಗ್ಲಿಷಿನಲ್ಲಿ ಕಳಿಸಿ, ಹಣ ಹೋದ ಮೇಲೆ ‘ಗ್ರಾಹಕರದೇ ನಿರ್ಲಕ್ಷ್ಯ’ ಎಂದು ಕೈತೊಳೆದುಕೊಳ್ಳುವ ಬ್ಯಾಂಕುಗಳನ್ನು ನಾವು ಪ್ರಶ್ನಿಸಲೇಬೇಕು. ವರ್ಷಗಳಿಂದ ಒಂದೇ ಶಾಖೆಯಲ್ಲಿ ಪಿಂಚಣಿ ಪಡೆಯುವವರು ಒಂದೇ ದಿನ ಇಡೀ ಉಳಿತಾಯವನ್ನು ಗುರುತಿಲ್ಲದ ಖಾತೆಗೆ ಕಳಿಸುವಾಗ ಒಂದು ದಿನ ತಡೆದು ನಿಲ್ಲಿಸುವುದು ಬ್ಯಾಂಕಿಗೆ ಆಗದ ಕೆಲಸವಲ್ಲ.

ಇನ್ನು, ಕಳ್ಳ ಎಲ್ಲೋ ಸಮುದ್ರದಾಚೆ ಇದ್ದಾನೆ ಎಂಬುದು ಅರ್ಧ ಸತ್ಯ. ಮ್ಯಾನ್ಮಾರ್‌ನ ಗಡಿಯಲ್ಲಿ, ಕಾಂಬೋಡಿಯಾ ಮತ್ತು ಲಾವೋಸ್‌ಗಳಲ್ಲಿ ಇದಕ್ಕೆಂದೇ ಬೇಲಿ ಸುತ್ತಿದ ಕಟ್ಟಡಗಳಿವೆ. ಡೇಟಾ ಎಂಟ್ರಿ ಕೆಲಸ, ಕೈತುಂಬ ಸಂಬಳ ಎಂಬ ಮಾತು ನಂಬಿ ಹೋದ ನಮ್ಮ ಹುಡುಗರನ್ನು ಅಲ್ಲಿ ಕೂಡಿಹಾಕಿ, ಹೊಡೆದು, ಇದೇ ಫೋನುಗಳನ್ನು ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಅಂಥ 549 ಭಾರತೀಯರನ್ನು ಥಾಯ್ಲೆಂಡ್ ಮೂಲಕ ವಾಪಸ್ ಕರೆತಂದವು. ಆದರೆ ದೋಚಿದ ಹಣ ಮೊದಲು ಬಂದು ಬೀಳುವುದು ಇಲ್ಲಿನದೇ ಬ್ಯಾಂಕಿನ, ಇಲ್ಲಿನವನದೇ ಹೆಸರಿನ ಖಾತೆಗೆ. ಕೆಲವು ಸಾವಿರ ರೂಪಾಯಿಗೆ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಮೂರನ್ನೂ ಬಾಡಿಗೆಗೆ ಕೊಟ್ಟವನು ನಮ್ಮದೇ ಊರಿನ ಕಾಲೇಜು ಹುಡುಗನಾಗಿರಬಹುದು, ಕೆಲಸ ಕಳೆದುಕೊಂಡ ಡೆಲಿವರಿ ಹುಡುಗನಾಗಿರಬಹುದು.

ತಮ್ಮಾ, ಇದನ್ನು ನೀನು ಓದುತ್ತಿದ್ದರೆ ನಿನಗೇ ಹೇಳುತ್ತಿದ್ದೇನೆ. ಗೇಮಿಂಗ್ ದುಡ್ಡು, ಟ್ಯಾಕ್ಸ್ ಉಳಿಸೋಕೆ ಅಂತ ಹೇಳಿ ನಿನ್ನ ಖಾತೆ ತೆಗೆದುಕೊಂಡರು. ನಿನಗೆ ಆಗಲೇ ಒಳಗೊಳಗೆ ಅನುಮಾನ ಇತ್ತು. ಯಾರಿಗೂ ಹೇಳಬೇಡ ಎಂದು ನಿನಗೂ ಹೇಳಿದ್ದಾರೆ. ಪೊಲೀಸರು ಬಂದಾಗ ಮೊದಲು ಸಿಗುವುದು ನಿನ್ನ ಹೆಸರು, ನಿನ್ನ ಆಧಾರ್, ನಿನ್ನ ಅಪ್ಪನ ಮನೆ. ಕಾರ್ಡು ಕೊಂಡೊಯ್ದವನು ಅಷ್ಟರಲ್ಲಿ ನಂಬರ್ ಬದಲಿಸಿರುತ್ತಾನೆ. ಬ್ಯಾಂಕಿಗೆ ಹೋಗಿ ಖಾತೆಯನ್ನು ತಡೆಹಿಡಿಯಿರಿ ಎಂದು ಬರೆದುಕೊಡು, ಸ್ವೀಕೃತಿ ತಗೋ. ಅಲ್ಲಿಂದ ನೇರ ಸೆನ್ ಠಾಣೆಗೆ ಹೋಗು. ಒಬ್ಬನೇ ಹೋಗಲು ಹೆದರಿಕೆಯಾದರೆ ಅಪ್ಪನನ್ನೋ, ನೀನು ನಂಬುವ ಮೇಷ್ಟರನ್ನೋ, ಒಬ್ಬ ವಕೀಲರನ್ನೋ ಕರೆದುಕೊಂಡು ಹೋಗು. ಖಾತೆಯಲ್ಲಿ ಉಳಿದಿರುವ ದುಡ್ಡನ್ನು ಮಾತ್ರ ಮುಟ್ಟಬೇಡ. ಅದು ಯಾವುದೋ ಊರಿನ ಯಾರದೋ ಪಿಂಚಣಿ. ಅದು ನಿನ್ನ ಖಾತೆಯಲ್ಲೇ ನಿಂತರೆ ಕೋರ್ಟಿನ ಆದೇಶ ಪಡೆದು ಅವರಿಗೆ ವಾಪಸ್ ಕೊಡಿಸಲು ದಾರಿ ಇದೆ.